ಲಿಂಕರ್ ಕೇಳಿದ ಸೋದರಮಾವ

ಆಗ ನನಗೆ ಎಪ್ಪತ್ತೊಂದು. ಎರಡು ವರ್ಷದ ಹಿಂದಿನ ಮಾತು. ಮೊಮ್ಮಗಳು ರೇಖಾಳ ಮದುವೆ ಹತ್ತಿರ ಬಂದಿತ್ತು. ನಾನು ಶಹಾಬಾದದಲ್ಲಿ ಮಗಳ ಮನೆಯಲ್ಲಿದ್ದೆ. ಶಾವಿಗೆ ಹೊಸೆಯಲು ಕೂತರೆ ಎದ್ದು ಬಾಗಿಲಿಗೆ ಹೋಗುತ್ತಿದ್ದೆ, ಬಾಗಿಲಲ್ಲಿ ನಿಂತರೆ ಒಲೆ ನೆನಪಾಗುತ್ತಿತ್ತು. ಒಂದು ಕಡೆ ಇರು, ನಿನ್ನ ನೋಡಿ ನನ್ನ ತಲೆ ತಿರುಗುತ್ತದೆ ಎಂದು ಮಗಳು ರೇಗಿದಳು. ಇರುವುದು ಹೇಗೆ? ರೇಖಾಳ ಸೋದರಮಾವ, ಎಂದರೆ ನನ್ನ ಮಗ ಈರಣ್ಣ, ಮದುವೆಗೆ ಬರುತ್ತಾನೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ.

ನಮ್ಮಲ್ಲಿ ಮದುಮಗಳನ್ನು ಹಂದರಕ್ಕೆ ಕರೆತರುವವನು ಸೋದರಮಾವ. ಅವನಿಲ್ಲದಿದ್ದರೆ ಬೇರೆಯವರನ್ನು ನಿಲ್ಲಿಸುತ್ತಾರೆ, ನಿಜ. ಅದು ಮಾವ ಸತ್ತಾಗ ಮಾಡುವ ಕೆಲಸ. ಮಾವ ಪಕ್ಕದ ಊರು ವಾಡಿಯಲ್ಲಿ ರೊಟ್ಟಿ ತಿಂದುಕೊಂಡು ಗಟ್ಟಿಯಾಗಿ ಕೂತಾಗ ಮಾಡುವುದಲ್ಲ.

ಜಗಳ ಹುಟ್ಟಿದ್ದು ಕಲ್ಲಿನಿಂದ. ಅಳಿಯ ಶಿವಶರಣನದು ನೆಲಕ್ಕೆ ಹಾಸುವ ಪರಸಿ ಕಲ್ಲಿಗೆ ಪಾಲಿಶ್ ಹಾಕುವ ದಂಧೆ. ಈರಣ್ಣನ ಹೊಸ ಮನೆಯ ನೆಲಕ್ಕೆ ಕಲ್ಲು ಇಲ್ಲಿಂದಲೇ ಹೋಯಿತು. ಹಾಸಿ ತೊಳೆದು ನೋಡಿದರೆ ಅರ್ಧ ಪಡಸಾಲೆ ನೀಲಿ, ಅರ್ಧ ಹಳದಿ. ಎರಡು ಗಣಿಯ ಮಾಲು ಬೆರೆತಿತ್ತು. ನೆಂಟನೇ ಅಲ್ಲವೇ ಎಂದು ಉಳಿದ ಮಾಲು ಸಾಗಹಾಕಿದ ಎಂದು ಈರಣ್ಣ, ತಂದ ದಿನವೇ ನೋಡಬೇಕಿತ್ತು ಎಂದು ಅಳಿಯ. ಆಮೇಲೆ ಪಂಚಮಿ ಹಬ್ಬಕ್ಕೆ ಈರಣ್ಣ ತಂಗಿಯನ್ನು ಕರೆಯಲಿಲ್ಲ, ಅವನ ಮಗನ ಮೊದಲ ಕೂದಲು ತೆಗೆಸುವ ಜವಳಕ್ಕೆ ಇವರು ಹೋಗಲಿಲ್ಲ, ಹೀಗೆ ಒಂದಕ್ಕೊಂದು ಬೆಳೆಯಿತು.

ಇನ್ನು ಕಂಪ್ಯೂಟರಿನ ಮಾತು. ರೇಖಾ ಚಿತ್ತಾಪುರದ ಕಾಲೇಜೊಂದರಲ್ಲಿ ಹುಡುಗರಿಗೆ ಅದನ್ನೇ ಕಲಿಸುತ್ತಾಳೆ. ಅರಿಶಿನ ಹಚ್ಚುವ ಮೊದಲು ಒಂದು ಪಾಠ ಮುಗಿಸಿ ಕೊಡಬೇಕಂತೆ. ಕಂಪ್ಯೂಟರ್ ಎಂದರೆ ಬಣ್ಣದ ಚಿತ್ರ ಇರುತ್ತದೆಂದು ನಾನು ತಿಳಿದಿದ್ದೆ. ಇವಳದು ಬರೀ ಕರಿ ಪರದೆ, ಒಲೆಯ ಮೇಲೆ ಇಡುವ ಹಂಚಿನಂತೆ. ಅದರ ಮೇಲೆ ಒಂದು ಸಾಲು ಹುಕುಂ ಬರೆದು ಗುಂಡಿ ಒತ್ತಿದರೆ ಕೆಳಗೆ ಉತ್ತರ ಬರುತ್ತದೆ. ಹೆಚ್ಚಿನ ಸಲ ಬೈಗುಳವೇ ಬರುತ್ತದೆ. ತಿರುಗಾಡಿ ಸಾಕಾಗಿ ನಾನು ಅವಳ ಹಿಂದೆ ಹೋಗಿ ನಿಂತೆ.

ಆ ಕರಿ ಪರದೆಯ ಹಿಂದೆ ಇಬ್ಬರಿದ್ದಾರಂತೆ. ಒಬ್ಬ ಕಂಪೈಲರ್, ಒಬ್ಬ ಲಿಂಕರ್. ಕಂಪೈಲರ್ ಎಂದರೆ ನನ್ನ ಅತ್ತೆ ಇದ್ದ ಹಾಗೆ. ಅವಳು ರೊಟ್ಟಿಯನ್ನು ಒಂದೊಂದೇ ಎತ್ತಿ ಬೆಳಕಿಗೆ ಹಿಡಿದು ನೋಡುತ್ತಿದ್ದಳು, ಇವನು ರೇಖಾ ಬರೆದ ಮೂರು ಫೈಲನ್ನು ಒಂದೊಂದೇ ನೋಡುತ್ತಾನೆ. ಸಾಲಿನ ಕೊನೆಗೆ ಇಡುವ ಒಂದು ಗುರುತನ್ನು ರೇಖಾ ಬಿಟ್ಟಿದ್ದಳು, ಅಷ್ಟಕ್ಕೆ ಪರದೆಯ ತುಂಬ ಬೈದ. ಅವಳೇನೂ ಅಂಜಲಿಲ್ಲ. ಮೊದಲನೆಯ ಬೈಗುಳ ಮಾತ್ರ ಓದಬೇಕಂತೆ, ಅದನ್ನು ಸರಿಮಾಡಿದರೆ ಉಳಿದವು ತಾವೇ ಹೋಗುತ್ತವಂತೆ. ಗುರುತು ಇಟ್ಟಳು, ಹೋದವು. ಅತ್ತೆಯ ಕಾಲದಲ್ಲಿ ಇದು ಯಾರೂ ನನಗೆ ಹೇಳಲಿಲ್ಲ.

ಮೂರು ಫೈಲೂ ಪಾಸಾದವು. ಎಲ್ಲವನ್ನೂ ಕೂಡಿಸು ಎಂದು ಲಿಂಕರನಿಗೆ ಹುಕುಂ ಕೊಟ್ಟಳು. ಅವನು ಆಗುವುದಿಲ್ಲ ಎಂದ.

'ಏನಾಗ್ಯಾದ?' ಎಂದೆ.

'ಹೆಸರು ಬರದೀರಿ, ಆ ಹೆಸರಿನವ್ರು ಯಾರೂ ಸಿಗವಲ್ರು ಅಂತದ, ಆಯಿ.'

'ಮತ್ತ ಮೊದಲನೇದಾಂವ ಹ್ಯಾಂಗ ಸುಮ್ಮನಾದ?'

'ಅಂವ ನಂಬ್ತಾನ. ಇಂಥಾದೊಂದು ಬ್ಯಾರೆ ಕಡಿ ಅದ ಅಂತ ಮ್ಯಾಲ ಬರದ್ರ ಸಾಕು, ಹೂಂ ಅಂತಾನ. ಲಿಂಕರ್ ಹಂಗಲ್ಲ. ಆ ಮನಷ್ಯಾನ್ನ ತಂದು ನಿಂದರಸು ಅಂತಾನ.'

ಹುಡುಕಿದಳು. ತಪ್ಪು ಅವಳದೇ. ಆ ಕೆಲಸ ಬರೆದ ಮೂರನೆಯ ಫೈಲ್ ಅಲ್ಲೇ ಇತ್ತು, ಅದೇ ಜಾಗದಲ್ಲಿ, ಉಳಿದೆರಡರ ಮಗ್ಗುಲಿಗೆ. ಹುಕುಮಿನ ಸಾಲಿನಲ್ಲಿ ಮಾತ್ರ ಅದರ ಹೆಸರು ಹಾಕಿರಲಿಲ್ಲ. ಮಗ್ಗುಲಲ್ಲೇ ಇದೆಯಲ್ಲ, ಅವನಿಗೆ ಕಣ್ಣಿಲ್ಲವೇ ಎಂದೆ.

'ಮಗ್ಗಲಿದ್ರೇನು ಆಯಿ, ಕರೀದೆ ಬರಂಗಿಲ್ಲ.'

ಹೆಸರು ಸೇರಿಸಿ ಮತ್ತೆ ಒತ್ತಿದಳು. ಈ ಸಲ ಅವನು ಏನೂ ಅನ್ನಲಿಲ್ಲ. ಏನೂ ಅನ್ನದಿದ್ದರೆ ಕೆಲಸ ಆಯಿತೆಂದು ತಿಳಿಯಬೇಕಂತೆ. ಹೊಗಳುವ ಚಾಳಿ ಇಲ್ಲ ಅವನಿಗೆ. ನನಗೆ ಹಿಡಿಸಿದ. ಬಾಯಿ ಹರಿತ ಎಂದು ಜೀವನವಿಡೀ ನನ್ನನ್ನು ದೂರ ಕೂಡಿಸಿದವರು ಈಗ ಅಂಥದೇ ಬಾಯಿಯ ಯಂತ್ರ ತಂದು ಅದರ ಮುಂದೆ ತಲೆ ಬಗ್ಗಿಸಿ ಕೂಡುತ್ತಾರೆ. ಇರಲಿ. ಇಲ್ಲದವರ ಹೆಸರನ್ನು ಅದು ಬಾಯಿಬಿಟ್ಟು ಹೇಳಿತಲ್ಲ. ನಮ್ಮ ಮನೆಯಲ್ಲಿ ಈರಣ್ಣನ ಹೆಸರು ಬಂದರೆ ಎಲ್ಲರಿಗೂ ನೀರಡಿಕೆಯಾಗುತ್ತಿತ್ತು, ಎದ್ದು ಹೋಗುತ್ತಿದ್ದರು.

ಸಂಜೆ ಊಟಕ್ಕೆ ಕೂತಾಗ ಕೇಳಿಯೇಬಿಟ್ಟೆ: ವಾಡಿಗೆ ಹೋಗಿ ಕರೆದು ಬಂದವರು ಯಾರು?

ಲಗ್ನಪತ್ರಿಕೆಯಲ್ಲಿ ಹೆಸರು ಹಾಕಿಸಿದ್ದೇವೆ, ದೊಡ್ಡ ಅಕ್ಷರದಲ್ಲಿ ಎಂದ ಅಳಿಯ. ಅದರ ಫೋಟೋ ಮೊಬೈಲಿಗೆ ಕಳಿಸಿದ್ದೇನೆ ಎಂದಳು ಮಗಳು. ಗಂಡ ಹೋಗಿ ಬಂದಿರಬೇಕೆಂದು ಅವಳು ತಿಳಿದಿದ್ದಳು. ಅಣ್ಣನ ಹತ್ತಿರ ಅವಳೇ ಮಾತಾಡಿರಬೇಕೆಂದು ಇವನು ತಿಳಿದಿದ್ದ. ಕೇಳಿದರೆ ಒಬ್ಬೊಬ್ಬರದೂ ಸರಿಯೇ. ಸೇಡಂ, ಕಾಳಗಿ, ಚಿಂಚೋಳಿಯ ದೂರದ ಬೀಗರ ಮನೆಗೆಲ್ಲ ಗಂಡಹೆಂಡತಿ ಕುಂಕುಮ ಅಕ್ಷತೆ ಹಿಡಿದು ಬಸ್ಸಿನಲ್ಲಿ ಅಲೆದಿದ್ದರು. ರೈಲಿನ ಮುಂದಿನ ನಿಲ್ದಾಣ ವಾಡಿ ಮಾತ್ರ ಉಳಿದಿತ್ತು. ದೂರದ ಊರಿನವನಾಗಿದ್ದರೆ ಈರಣ್ಣನಿಗೂ ಅಕ್ಷತೆ ಸಿಗುತ್ತಿತ್ತೇನೋ.

ರೇಖಾ ಯಾರನ್ನೂ ನೋಡದೆ ಹೇಳಿದಳು, 'ಮಾವ ಬರಲಿಲ್ಲಂದ್ರ ನಾ ಒಬ್ಬಾಕೆ ನಡಕೋತ ಬರ್ತೀನಿ. ಬ್ಯಾರೆಯವ್ರ ಕೈ ಹಿಡಿಯಂಗಿಲ್ಲ.' ಆ ಹುಡುಗಿಗೆ ಸೈಕಲ್ ಕಲಿಸಿದವನು ಈರಣ್ಣ.

ಮರುದಿನ ಬೆಳಿಗ್ಗೆ ಅಳಿಯನನ್ನು ಎಬ್ಬಿಸಿ, ಶರ್ಟು ಹಾಕಿಸಿ, ಪ್ಯಾಸೆಂಜರ್ ಗಾಡಿ ಹತ್ತಿಸಿಕೊಂಡು ವಾಡಿಗೆ ಹೋದೆ. ಮಗನ ಬಾಗಿಲಿನ ಮುಂದೆ ಅಳಿಯ ನಿಂತುಬಿಟ್ಟ.

'ಅತ್ತಿ, ನೀವೇ ಕರೀರಿ. ನಿಮ್ಮ ಮಗ.'

'ನಾ ಹಡದೀನಿ, ಅಷ್ಟ ಸಾಕು. ಹೆಣ್ಣಿನ ಅಪ್ಪ ನೀ. ಮೊದಲ ಕಲ್ಲಿನ ಮಾತು ತಗಿ, ಆಮ್ಯಾಗ ಅಕ್ಷತಿ ಕೊಡು.'

ಆದರೂ ಅವನ ಕೈ ಏಳಲಿಲ್ಲ. ನನ್ನ ಊರುಗೋಲಿನಿಂದ ನಾನೇ ಬಾಗಿಲು ಬಡಿದೆ. ಬಡಿದು, ಗೋಡೆಯ ಮರೆಗೆ ಸರಿದು, ಬಾಗಿಲು ತೆರೆಯುವ ಈರಣ್ಣನ ಕಣ್ಣಿಗೆ ಅಳಿಯನೊಬ್ಬನೇ ಬೀಳುವಂತೆ ನಿಂತೆ.