ಕ್ಯಾಮೆರಾ ತಿರುಗಿಸಿದವರು

ಆಂಧ್ರದ ಗಡಿಯಲ್ಲಿ ನಾನು ಗುಮಾಸ್ತನಾಗಿದ್ದ ಮಂಡಲ ಕಚೇರಿಯಲ್ಲಿ ವಿಡಿಯೋ ಕಾನ್ಫರೆನ್ಸ್ ನಡೆಸುವ ಆಪರೇಟರ್ ಒಬ್ಬರಿದ್ದರು. ಮೀಟಿಂಗಿಗೆ ಮೊದಲು ಅಂಗಿಯ ತುದಿಯಿಂದ ಕ್ಯಾಮೆರಾ ಒರೆಸಿ, ಮೈಕಿಗೆ ಎರಡು ಸಲ ಊದಿ, "ಸಾರ್, ವಿನಪಡ್ತೋಂದಾ? ಕೇಳಾಕತ್ತೈತೇನ್ರಿ?" ಎಂದು ತೆಲುಗು, ಕನ್ನಡ ಎರಡೂ ಭಾಷೆಯಲ್ಲಿ ಕೇಳುತ್ತಿದ್ದರು. ಆ ಕಡೆಯಿಂದ ಉತ್ತರ ಬರುತ್ತಿದ್ದುದು ಅಪರೂಪ.

ಒಂದು ವರ್ಷ ವಿಡಿಯೋ ಯಂತ್ರ ತಯಾರಿಸುವವರ ಸಂಘವೊಂದು, ದೂರದವರನ್ನೂ ಎದುರಿಗೇ ಕೂತಂತೆ ಕಾಣಿಸುವ ಅತ್ಯುತ್ತಮ ಕಚೇರಿ ಎಂದು ನಮಗೆ ಪ್ರಶಸ್ತಿ ಕೊಟ್ಟಿತು. ಸಮಾರಂಭವೂ ಪರದೆಯ ಮೇಲೆಯೇ. ತಹಶೀಲ್ದಾರರು ಹೊಸ ಸಫಾರಿ ತೊಟ್ಟು ಕ್ಯಾಮೆರಾದ ಮುಂದೆ ಕೂತರು. ಆಪರೇಟರಿಗೆ, "ನೀ ಫ್ರೇಮಿನಾಗ ಬರಬ್ಯಾಡಪ್ಪ" ಎಂದರು.

ಹೊರಗಿನ ಬೆಂಚಿನ ಮೇಲೆ ಒಬ್ಬ ಅಜ್ಜಿ ಕೂತಿದ್ದಳು. ರೇಷನ್ ಕಾರ್ಡಿನ ದಾಖಲೆಯಲ್ಲಿ ಆಕೆ ಸತ್ತಿದ್ದಳು. ಬದುಕಿದ್ದೇನೆಂದು ಹೇಳಲು ಒಂದು ತಿಂಗಳಿಂದ ದಿನಾ ಬರುತ್ತಿದ್ದಳು. ಪರದೆಯಲ್ಲಿ ದೊಡ್ಡ ಅಧಿಕಾರಿಯೊಬ್ಬರು, "ನಿಮ್ಮಲ್ಲಿ ಎಲ್ಲರೂ ಸ್ಪಷ್ಟವಾಗಿ ಕಾಣುತ್ತಾರೆ" ಎಂದು ಹೊಗಳುತ್ತಿದ್ದಾಗ ಆಪರೇಟರ್ ಎದ್ದು ಹೋದರು. ಅಜ್ಜಿಯ ಕೈ ಹಿಡಿದು ಒಳಗೆ ತಂದು, ಕ್ಯಾಮೆರಾವನ್ನು ಆಕೆಯತ್ತ ತಿರುಗಿಸಿದರು.

"ಸಾರ್, ಈಕಿನೂ ಕಾಣಾಕತ್ಯಾಳೇನ್ರಿ?"

"ಕಾಣ್ತಾರೆ. ಯಾರವರು?"

"ನಮ್ಮ ರೆಕಾರ್ಡಿನಾಗ ಸತ್ತೋಗ್ಯಾಳ್ರಿ."

ಅಜ್ಜಿ ಕೈಮುಗಿದು, "ಇನ್ನಾ ಅದೀನ್ರೀ ಎಪ್ಪಾ" ಎಂದಳು. ಚಪ್ಪಾಳೆಗೆ ಸಿದ್ಧರಾಗಿದ್ದವರೆಲ್ಲ ಪರದೆಯ ಮೇಲೆ ಹಾಗೇ ಕೈ ಎತ್ತಿಕೊಂಡು ಕೂತರು. ತಹಶೀಲ್ದಾರರ ಹೊಸ ಸಫಾರಿ ಬೆವರಿನಲ್ಲಿ ತೊಯ್ದಿತ್ತು.

ಎರಡೇ ದಿನಕ್ಕೆ ಎರಡು ಆದೇಶ ಬಂದವು. ಒಂದರ ಪ್ರಕಾರ ಅಜ್ಜಿ ಬದುಕಿದ್ದಳು. ಇನ್ನೊಂದರ ಪ್ರಕಾರ ಆಪರೇಟರಿಗೆ ದೂರದ ಮದ್ದಿಕೇರಕ್ಕೆ ವರ್ಗವಾಗಿತ್ತು. ಅವರು ಎರಡನ್ನೂ ನಿಧಾನವಾಗಿ ಓದಿ, ನನ್ನ ಮೇಜಿನ ಮೇಲಿಟ್ಟು ಹೇಳಿದರು: "ನಮ್ಮ ಆಫೀಸಿನಾಗ ಇಷ್ಟು ಲಗೂನ ಕೆಲಸ ಆಗಿದ್ದು ನಾನಂತೂ ನೋಡಿದ್ದಿಲ್ಲರಿ."