ಭಾವಿಕೇರಿಯ ಬದನೆ ಬೀಜ ಮತ್ತು ಹರಿಕಾಂತ ಸರ್

ಬೇರು ತಿನ್ನುವ ಜಂತುಹುಳು ಮತ್ತು ಗಿಡ ಸೊರಗಿಸುವ ಶಿಲೀಂಧ್ರಗಳನ್ನು ಬೇರೆ ಬೇರೆ ಶತ್ರುಗಳೆಂದೇ ಓದಿ ಬಂದ ನಮಗೆ, ಒಂದು ಮಾಡಿದ ಗಾಯದಿಂದಲೇ ಇನ್ನೊಂದು ಒಳನುಗ್ಗುತ್ತದೆಂದು ಹೊಲದಲ್ಲಿ ಕೂತು ತೋರಿಸಿಕೊಟ್ಟ ಡಾ. ಮಧುಕರ ಹರಿಕಾಂತರು ಈ ತಿಂಗಳು ನಿವೃತ್ತರಾಗುತ್ತಿದ್ದಾರೆ. ಕಾರವಾರದ ಮೀನುಗಾರ ಮನೆತನದಲ್ಲಿ ಹುಟ್ಟಿ, ಮೂವತ್ತೆರಡು ವರ್ಷ ಮಣ್ಣು ಕೆದಕಿದವರು ಅವರು. ಮಗ ಸಮುದ್ರ ಬಿಟ್ಟು ಹುಳದ ಹಿಂದೆ ಬಿದ್ದನೆಂದು ಅವರ ತಾಯಿ ಕೊನೆಯವರೆಗೂ ಗೊಣಗುತ್ತಿದ್ದರಂತೆ.

ಅವರ ಪ್ರಯೋಗಾಲಯ ಸೇರಿದ ಮೊದಲ ವರ್ಷವೇ ನಾನೊಂದು ಎಡವಟ್ಟು ಮಾಡಿದೆ. ಅಂಕೋಲೆ ಬಳಿಯ ಭಾವಿಕೇರಿಯ ನಾಗಮ್ಮನವರ ಬದನೆ ಗಿಡಗಳು ಸೊರಗಿ ಸಾಯುತ್ತಿದ್ದವು. ಅತ್ತೆಯ ಕಾಲದಿಂದ ಕಾಪಿಟ್ಟ ಬೀಜ ಅದು. ಕೇರಿಯವರೆಲ್ಲ ಸಸಿ ಒಯ್ಯುತ್ತಿದ್ದುದು ಅವರ ಮನೆಯಿಂದಲೇ. “ಕಾಯಿ ಬಿಟ್ಟ ಗಿಡ ಕೀಳೂಕಾಗ, ಅಕ್ಕೋರೆ” ಎಂದು ಅವರು ಪಟ್ಟು ಹಿಡಿದಾಗ ನಾನು ಕಾಂಡವನ್ನಷ್ಟೇ ಕತ್ತರಿಸಿ ತಂದೆ. ಅದರೊಳಗೆ ಶಿಲೀಂಧ್ರ ಕಂಡಿತು. ಔಷಧಿ ಹೇಳಿದೆ. ಅದು ನಾಟದಿದ್ದಾಗ, ಬೀಜವೇ ಕೆಟ್ಟಿದೆ, ಎಸೆದುಬಿಡಿ ಎಂದು ಅಪ್ಪಣೆ ಕೊಡಿಸಿದೆ. ಎಸೆದೆ ಎಂದು ಅವರು ಫೋನಿನಲ್ಲಿ ತಿಳಿಸಿದರು.

ವಿಷಯ ತಿಳಿದ ಸರ್ ಕೇಳಿದ್ದು ಒಂದೇ: “ಚಂದನಾ, ಬೇರು ಎಲ್ಲಿ?”

ಮರುದಿನವೇ ನನ್ನನ್ನು ಕರೆದುಕೊಂಡು ಅಂಕೋಲೆಯ ಬಸ್ಸು ಹತ್ತಿದರು. ನಾಗಮ್ಮನವರ ಹೊಲದಲ್ಲಿ ಅವರು ಗಿಡ ಕೀಳಲಿಲ್ಲ. ಪಕ್ಕದ ಮಣ್ಣನ್ನು ಬೆರಳಿನಿಂದ ಸರಿಸಿ, ಒಂದು ಎಳೆ ಬೇರು ಚಿವುಟಿಕೊಂಡು, ಮಣ್ಣನ್ನು ಮೊದಲಿನಂತೆ ಮುಚ್ಚಿದರು. ಬೇರಿನ ತುಂಬ ಜಂತುಹುಳು ಎಬ್ಬಿಸಿದ ಗಂಟು! ಬಾವಿಕಟ್ಟೆಯ ಬಳಿಯ ಸಸಿಮಡಿಯಲ್ಲೂ ಅದೇ. ನೀರು ನಿಲ್ಲದ ಆ ಎತ್ತರದ ಜಾಗದಲ್ಲೇ ವರ್ಷವರ್ಷವೂ ಸಸಿ ಎಬ್ಬಿಸಿದ್ದರಿಂದ ಹುಳ ಅಲ್ಲಿ ಬೀಡುಬಿಟ್ಟು, ಶಿಲೀಂಧ್ರಕ್ಕೆ ದಾರಿ ಮಾಡಿಕೊಟ್ಟಿತ್ತು.

“ನಾಗಮ್ಮ, ಬೀಜದ್ದು ಎಂತ ತಪ್ಪಿಲ್ಲ. ತಪ್ಪು ಹೇಳ್ದೋರು ನಾವು” ಎಂದರು ಸರ್. ನನ್ನ ತಪ್ಪನ್ನು “ನಾವು” ಎಂದು ಹೊತ್ತುಕೊಂಡ ಅವರೆದುರು ನಾನು ತಲೆಯೆತ್ತಲಾರದೆ ನಿಂತಿದ್ದೆ. ಇಲ್ಲದ ಬೀಜವನ್ನು ಎಲ್ಲಿಂದ ತರುವುದು?

ನಾಗಮ್ಮ ಒಳಗೆ ಹೋಗಿ ಒಂದು ಡಬ್ಬಿ ತಂದರು. “ಎಸ್ದೆ ಅಂದದ್ದು ಸುಳ್ಳು, ಅಕ್ಕೋರೆ. ಅತ್ತೆ ಕೊಟ್ಟದ್ದು, ಎಸೂಕೆ ಕೈ ಬರ್ಲಿಲ್ಲ.”

ಹೋದ ಜೀವ ಬಂದಂತಾಯಿತು. ಸುಳ್ಳು ಕೇಳಿ ಅಷ್ಟು ಖುಷಿಪಟ್ಟದ್ದು ಅದೇ ಮೊದಲು.

ಮಳೆಗಾಲವಿಡೀ ನೀರು ನಿಂತು ಹುಳ ಉಸಿರುಗಟ್ಟಿ ಸತ್ತಿದ್ದ ಭತ್ತದ ಗದ್ದೆಯಲ್ಲಿ, ನೀರಿಳಿದ ಮೇಲೆ, ಸರ್ ಹೊಸ ಸಸಿಮಡಿ ಮಾಡಿಸಿದರು. ಆ ವರ್ಷ ಬೇರು ಬೆಳ್ಳಗೆ ಬಂತು, ಕೇರಿಗೆಲ್ಲ ಸಸಿ ಸಿಕ್ಕಿತು.

ಸರ್, ತಾವು ನೂರು ಕಾಲ ಬಾಳಬೇಕು, ಹೊಲ ತಿರುಗುವುದನ್ನು ಬಿಡಬಾರದು. ಈ ಹಾರೈಕೆಯಲ್ಲಿ ನನ್ನ ಸ್ವಾರ್ಥವೂ ಇದೆ: ಈಗ ರೈತರು ನನ್ನ ಮಾತನ್ನು ನಂಬಿ ನಿಜವಾಗಿಯೂ ಎಸೆದುಬಿಡುತ್ತಾರೆ.