ಮೂರನೇ ಪ್ಯಾರಾ

ನಮ್ಮ ಕೋರ್ಟಿನ ಹೊರಗಿನ ವರಾಂಡದಲ್ಲಿ ಹನ್ನೊಂದು ಟೈಪ್‌ರೈಟರ್‌ಗಳಿದ್ದವು. ಹತ್ತು ಗಂಡಸರವು, ಒಂದು ಟೈಪಕ್ಕನದು. ಹೆತ್ತವರು ಇಟ್ಟ ಹೆಸರೊಂದು ಅವಳಿಗೂ ಇತ್ತು. ಆದರೆ ವಕೀಲರಿಂದ ಹಿಡಿದು ಕೈದಿಗಳನ್ನು ಕರೆತರುವ ಪೊಲೀಸರವರೆಗೆ ಎಲ್ಲರಿಗೂ ಅವಳು ಟೈಪಕ್ಕನೇ. ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವರೂ ಅಕ್ಕ ಅಂತಲೇ ಕರೆಯುತ್ತಿದ್ದರು. ನಾನೊಬ್ಬ ಮಾತ್ರ ತಂಗಿ ಅನ್ನುತ್ತಿದ್ದೆ, ಅವಳು ನನ್ನನ್ನು ಅಣ್ಣಾ ಅನ್ನುತ್ತಿದ್ದಳು. ಬಾಯಿಮಾತಿನ ಅಣ್ಣನಾಗುವುದಕ್ಕೆ ಏನೂ ಖರ್ಚಿಲ್ಲ ನೋಡಿ.

ನನ್ನ ಕೆಲಸ ತಾಳೆ ನೋಡುವುದು. ವಕೀಲರು ಬರೆದುಕೊಟ್ಟದ್ದನ್ನು ಟೈಪಾದ ಪ್ರತಿಯ ಪಕ್ಕಕ್ಕಿಟ್ಟು ಸಾಲು ಸಾಲಾಗಿ ಗಟ್ಟಿಯಾಗಿ ಓದಬೇಕು, ತಪ್ಪು ಕಂಡಲ್ಲಿ ಕೆಂಪು ಪೆನ್ಸಿಲಿನಲ್ಲಿ ಸುತ್ತು ಹಾಕಬೇಕು, ಎಲ್ಲ ಸರಿಯಿದ್ದರೆ ಮೂಲೆಯಲ್ಲಿ ‘ತಾಳೆ ನೋಡಲಾಗಿದೆ’ ಎಂದು ಬರೆದು ಸಹಿ ಮಾಡಬೇಕು. ಇದೂ ಒಂದು ಕೆಲಸವೇ ಅಂತ ನಗಬೇಡಿ. ಒಂದು ಸೊನ್ನೆ ಬಿಟ್ಟುಹೋಗಿದ್ದಕ್ಕೆ ಅರ್ಧ ಎಕರೆ ಕಳೆದುಕೊಂಡವರನ್ನು ನಾನು ಕಂಡಿದ್ದೇನೆ. ಇಪ್ಪತ್ತು ವರ್ಷ ಟೈಪಕ್ಕನ ಎದುರಿನ ಕುರ್ಚಿಯಲ್ಲಿ ಕೂತು ಅವಳು ಟೈಪ್ ಹೊಡೆದದ್ದನ್ನೆಲ್ಲ ಓದಿದವನು ನಾನೇ.

ಅವಳು ವಿಚ್ಛೇದನದ ಅರ್ಜಿಗಳಿಗೆ ಹೆಸರಾಗಿದ್ದಳು. ಹೆಂಗಸರು ಗಂಡಸು ಟೈಪಿಸ್ಟುಗಳ ಮುಂದೆ ಕೂರಲು ಮುಜುಗರಪಟ್ಟುಕೊಳ್ಳುತ್ತಿದ್ದರು, ಹಾಗಾಗಿ ಎಲ್ಲರೂ ಇವಳ ಹತ್ತಿರವೇ ಬರುತ್ತಿದ್ದರು. ವಕೀಲರು ಪೂರ್ತಿ ಬರೆದುಕೊಡುವುದನ್ನೇ ಬಿಟ್ಟಿದ್ದರು. ಹೆಸರು, ವಿಳಾಸ, ಮದುವೆಯ ತಾರೀಖು ಬರೆದ ಒಂದು ಚೀಟಿ ಸಾಕಿತ್ತು. ಮೊದಲನೇ ಪ್ಯಾರಾದಲ್ಲಿ ಮದುವೆ, ಎರಡನೆಯದರಲ್ಲಿ ಮನೆ ಮತ್ತು ಮಕ್ಕಳು, ಮೂರನೆಯದರಲ್ಲಿ ಕಷ್ಟ. ‘ಎದುರುದಾರನು ದಿನನಿತ್ಯ ಮದ್ಯಪಾನ ಮಾಡಿ ಮನೆಗೆ ಬಂದು, ಅರ್ಜಿದಾರಳನ್ನು ಅವಾಚ್ಯ ಶಬ್ದಗಳಿಂದ ಬೈದು, ಹೊಡೆದು ಬಡಿದು, ದೈಹಿಕ ಹಾಗೂ ಮಾನಸಿಕ ಹಿಂಸೆ ನೀಡುತ್ತಿದ್ದನು.’ ವರಾಂಡದಲ್ಲಿ ಇದಕ್ಕೆ ‘ಮೂರನೇ ಪ್ಯಾರಾ’ ಅಂತಲೇ ಹೆಸರು. ಟೈಪಕ್ಕ ಇದನ್ನು ಹೊಡೆಯುವಾಗ ಕಾಗದ ನೋಡುತ್ತಿರಲಿಲ್ಲ, ನನ್ನ ಜೊತೆ ಹಾಲು ಒಡೆದುಹೋದ ಸುದ್ದಿ ಹೇಳುತ್ತ ಹೊಡೆದು ಮುಗಿಸುತ್ತಿದ್ದಳು. ಎದುರು ಕೂತ ಹೆಂಗಸು ಓದಿ ಹೇಳಿದ್ದಕ್ಕೆಲ್ಲ ತಲೆಯಾಡಿಸಿ ಸಹಿ ಹಾಕುತ್ತಿದ್ದಳು.

ಟೈಪಕ್ಕನ ಗಂಡ ಲಿಫ್ಟ್ ಮೆಕ್ಯಾನಿಕ್. ಸಣಕಲು ಮೈ, ಮೆತ್ತಗಿನ ಮಾತು, ಕೈಯಲ್ಲಿ ಯಾವಾಗಲೂ ಗ್ರೀಸಿನ ಕಲೆ. ನನ್ನ ಕೋಣೆಯ ಫ್ಯಾನು ಕೆಟ್ಟಾಗ ಭಾನುವಾರ ಬಂದು ಸರಿಮಾಡಿ, ಒಂದು ಲೋಟ ನೀರು ಕುಡಿದು ಹೋದ ಮನುಷ್ಯ. ಹೆಂಡ ಮುಟ್ಟಿದವನಲ್ಲ, ಬೀಡಿ ಸೇದಿದವನಲ್ಲ. ಬೆಳಗಾದರೆ ಮೂರನೇ ಪ್ಯಾರಾ ಓದುವ ನನಗೆ ಅವನು ದೇವರಂತೆ ಕಂಡಿದ್ದರೆ ಆಶ್ಚರ್ಯವಿಲ್ಲ. ನೀನು ಪುಣ್ಯವಂತೆ ಎಂದು ಅವಳಿಗೆ ಎಷ್ಟು ಸಲ ಹೇಳಿದ್ದೆನೋ ಲೆಕ್ಕವಿಲ್ಲ. ಕುಡಿಯದವನೆಲ್ಲ ಒಳ್ಳೆಯವನು ಅಂದುಕೊಂಡ ದಡ್ಡ ನಾನು. ನಾನೊಬ್ಬನೇ ಅಲ್ಲ ಅನ್ನುವುದು ಸಮಾಧಾನವೂ ಅಲ್ಲ.

ಒಂದು ಹಳೇ ಕಟ್ಟಡದಲ್ಲಿ ಅವನು ಲಿಫ್ಟಿನ ಗುಂಡಿಗೆ ಬಿದ್ದು ಸೊಂಟ ಮುರಿದುಕೊಂಡ. ನಾಲ್ಕು ತಿಂಗಳು ಮಲಗಿದ. ಮೂಳೆ ಕೂಡಿತು, ನೋವಿನ ಮಾತ್ರೆ ಮಾತ್ರ ನಿಲ್ಲಲಿಲ್ಲ. ದಿನಕ್ಕೆ ಎರಡಿದ್ದದ್ದು ಆರಾಯಿತು, ಆರು ಹೋಗಿ ಇಡೀ ಒಂದು ಸ್ಟ್ರಿಪ್ ಆಯಿತು. ಕುಡುಕನಾದರೆ ಬೀದಿಯಲ್ಲೇ ಗೊತ್ತಾಗುತ್ತದೆ, ವಾಸನೆ ಬರುತ್ತದೆ, ತೂರಾಡುತ್ತಾನೆ. ಇವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೆಲಸಕ್ಕೆ ಹೋಗಿ ಬರುತ್ತಿದ್ದ. ಅಕ್ಕಪಕ್ಕದವರಿಗೆ ಏನೂ ಗೊತ್ತಾಗಲಿಲ್ಲ. ನನಗಂತೂ ಕಣ್ಣಿದ್ದೂ ಕುರುಡು.

ಆ ವರ್ಷ ಟೈಪಕ್ಕ ಮಾತು ಕಡಿಮೆ ಮಾಡಿದಳು. ಒಂದು ಮಧ್ಯಾಹ್ನ ಊಟದ ಡಬ್ಬಿ ತೆಗೆಯದೆ ಕೂತಿದ್ದವಳು, ಮನೆಯಲ್ಲಿ ಸ್ವಲ್ಪ ಕಷ್ಟವಾಗಿದೆ ಅಣ್ಣಾ ಎಂದು ಶುರುಮಾಡಿದಳು. ನಾನು ಬಾಯಲ್ಲಿದ್ದ ತುತ್ತನ್ನೂ ನುಂಗದೆ, ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂದುಬಿಟ್ಟೆ. ಅವಳು ನಕ್ಕಳು. ಕಾರ್ಬನ್ ಹಾಳೆ ಸರಿಮಾಡಿಕೊಂಡು ಟೈಪ್ ಮಾಡತೊಡಗಿದಳು. ಆಮೇಲೆ ನನಗೆ ಏನನ್ನೂ ಹೇಳಲಿಲ್ಲ. ಯಾಕೆ ಹೇಳುತ್ತಾಳೆ?

ಆರು ತಿಂಗಳ ನಂತರ ಅವಳು ಒಂಬತ್ತು ವರ್ಷದ ಮಗಳನ್ನು ಕರೆದುಕೊಂಡು ಮನೆ ಬಿಟ್ಟಳು. ಒಂದು ಲಾಂಡ್ರಿ ಅಂಗಡಿಯ ಮೇಲಿನ ಕೋಣೆ ಸಿಕ್ಕಿತು. ಒಂದು ಕಿಟಕಿ, ಒಂದು ಹಾಸಿಗೆ, ಕೆಳಗಿನಿಂದ ದಿನವಿಡೀ ಸೋಪಿನ ಹಬೆ. ಗೋಡೆಗೆ ಒರಗಿದರೆ ಬೆನ್ನು ಒದ್ದೆಯಾಗುತ್ತಿತ್ತು. ತಾಯಿಯ ಮನೆಗೆ ಹೋಗಿದ್ದಳಂತೆ ಮೊದಲು. ಕುಡಿಯದ ಗಂಡನನ್ನು ಯಾರಾದರೂ ಬಿಟ್ಟು ಬರುತ್ತಾರೇನೇ ಎಂದು ತಾಯಿ ಬಾಗಿಲಲ್ಲೇ ಕೇಳಿದಳಂತೆ, ಮಗು ಅಜ್ಜಿಯ ಮುಖವನ್ನೂ ಅಮ್ಮನ ಮುಖವನ್ನೂ ನೋಡುತ್ತ ಚೀಲ ಹಿಡಿದು ನಿಂತಿತ್ತಂತೆ. ಅಲ್ಲಿಂದ ಬಂದ ಮೇಲೆ ಅವಳು ಯಾರ ಮನೆಯ ಬಾಗಿಲನ್ನೂ ತಟ್ಟಲಿಲ್ಲ. ಅಣ್ಣ ಅನ್ನಿಸಿಕೊಂಡ ನನ್ನ ಬಾಗಿಲನ್ನೂ.

ಗಂಡನ ಕಡೆಯವರು ಮಗು ನಮಗೆ ಬೇಕು ಎಂದು ಕೋರ್ಟಿಗೆ ಹೋದರು. ಆಗ ಟೈಪಕ್ಕ ತನ್ನ ವಿಚ್ಛೇದನದ ಅರ್ಜಿಯನ್ನು ತಾನೇ ಟೈಪ್ ಮಾಡಿದಳು. ಊಟದ ಹೊತ್ತಿನಲ್ಲಿ, ಎಲ್ಲರೂ ಎದ್ದುಹೋದಾಗ, ಇಪ್ಪತ್ತೇ ನಿಮಿಷದಲ್ಲಿ ಮುಗಿಸಿದಳು. ಮುಗಿಸಿ ನನ್ನ ಕಡೆ ತಳ್ಳಿದಳು. ನಾನು ಓದಬೇಕಾಗಿತ್ತು. ಅವಳ ಮನೆಯ ಒಳಗಿನದನ್ನು ಅವಳೆದುರೇ ಗಟ್ಟಿಯಾಗಿ ಓದುವುದು ಹೇಗೆ ಎಂದು ನನಗೆ ನಾಚಿಕೆಯಾಯಿತು. ನಿನ್ನ ಅರ್ಜಿಗೆ ನಾನೇನು ತಾಳೆ ನೋಡಲಿ, ನಮಗೆಲ್ಲ ಕಲಿಸಿದವಳೇ ನೀನು ಎಂದು ತಮಾಷೆ ಮಾಡಿ ಮೂಲೆಯಲ್ಲಿ ಸಹಿ ಹಾಕಿದೆ. ಅವಳ ವಕೀಲರೂ ಟೈಪಕ್ಕನದಲ್ಲವೇ ಎಂದು ಓದದೆ ಸಹಿ ಹಾಕಿದರು.

ವಿಚಾರಣೆಯ ದಿನ ನಾನು ಹಿಂದಿನ ಬೆಂಚಿನಲ್ಲಿದ್ದೆ. ಗಂಡ ಇಸ್ತ್ರಿ ಅಂಗಿಯಲ್ಲಿ ಕೈಕಟ್ಟಿ ನಿಂತಿದ್ದ. ಅವನ ವಕೀಲ ಎದ್ದು, ನಿಮ್ಮ ಗಂಡ ಕುಡಿಯುತ್ತಾರಾ ಎಂದು ಕೇಳಿದ. ಟೈಪಕ್ಕ ಇಲ್ಲ ಎಂದಳು. ಯಾವತ್ತಾದರೂ ಕುಡಿದಿದ್ದಾರಾ? ಇಲ್ಲ. ಅವನು ಅರ್ಜಿಯನ್ನು ಎತ್ತಿಕೊಂಡು ಮೂರನೇ ಪ್ಯಾರಾ ಓದಿದ. ಅದೇ ದಿನನಿತ್ಯ ಮದ್ಯಪಾನ, ಅದೇ ಅವಾಚ್ಯ ಶಬ್ದ, ಒಂದು ಅಕ್ಷರವೂ ಬದಲಾಗಿರಲಿಲ್ಲ. ಆಮೇಲೆ ಅವನು ಬೇರೆ ಬೇರೆ ಹೆಂಗಸರ ಐದು ಅರ್ಜಿಗಳನ್ನು ತೆಗೆದು ಒಂದೊಂದರಿಂದಲೂ ಅದೇ ಸಾಲನ್ನು ಓದಿದ. ಎರಡನೆಯದಕ್ಕೆ ಯಾರೋ ಕಿಸಕ್ಕೆಂದರು, ಐದನೆಯದಕ್ಕೆ ಇಡೀ ಹಾಲ್ ನಗುತ್ತಿತ್ತು.

ಸಾವಿರಾರು ಹೆಂಗಸರಿಗೆ ಹೊಡೆದುಕೊಟ್ಟ ಸಾಲು. ತನ್ನ ಸರದಿ ಬಂದಾಗ ಅವಳ ಬೆರಳುಗಳು ತಮ್ಮ ಪಾಡಿಗೆ ತಾವು ಅದನ್ನೇ ಹೊಡೆದಿದ್ದವು. ಬೇರೆ ಯಾರೇ ಆಗಿದ್ದರೂ ವಕೀಲರ ಮುಂದೆ ಅತ್ತು ಕರೆದು ತಮ್ಮ ಕಥೆ ಹೇಳುತ್ತಿದ್ದರು. ಇವಳನ್ನು ಯಾರೂ ಏನಾಯಿತು ಎಂದು ಕೇಳಲೇ ಇಲ್ಲ.

ನ್ಯಾಯಾಧೀಶರು ಹೆಂಗಸು. ನಗು ನಿಲ್ಲಿಸಿ ಎಂದು ಮೇಜು ಕುಟ್ಟಿದರು. ಆಮೇಲೆ ಟೈಪಕ್ಕನಿಗೆ, ಇದು ಸುಳ್ಳಾದರೆ ನೀವು ಹೇಳುವ ಉಳಿದದ್ದನ್ನು ನಾನು ಹೇಗೆ ನಂಬಲಿ ಎಂದರು. ಒಂದು ವಾರ ಕಾಲ ಕೊಟ್ಟರು. ಅಷ್ಟರಲ್ಲಿ ತಿದ್ದಿದ ಅರ್ಜಿ ಬರದಿದ್ದರೆ ಇದನ್ನು ವಜಾ ಮಾಡಿ, ಮಗುವನ್ನು ಅಪ್ಪನ ಮನೆಗೆ ಕಳಿಸುವ ಆದೇಶ ಬರೆಯುತ್ತೇನೆ ಎಂದು ಸ್ಪಷ್ಟವಾಗಿ ಹೇಳಿದರು.

ಹೊರಗೆ ಬಂದು ಅವಳು ತನ್ನ ಕುರ್ಚಿಯಲ್ಲಿ ಕೂತಳು. ನಾನು ಎದುರು ಕೂತೆ. ಯಂತ್ರಕ್ಕೆ ಹೊದಿಕೆ ಹಾಕುತ್ತ ಕೇಳಿದಳು.

“ಅಣ್ಣಾ, ನೀವು ಓದಿದ್ರೆ ಗೊತ್ತಾಗ್ತಿತ್ತು ಅಲ್ವಾ?”

“ಗೊತ್ತಾಗ್ತಿತ್ತು,” ಅಂದೆ.

ಅವಳು ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಬೈಯಲಿಲ್ಲ.

ಮೂರು ದಿನ ಅವಳು ಯಂತ್ರದ ಮುಂದೆ ಕೂತಳು. ಎರಡು ಪ್ಯಾರಾ ಸಲೀಸಾಗಿ ಬರುತ್ತಿತ್ತು. ಮೂರನೆಯದಕ್ಕೆ ಬಂದ ಕೂಡಲೇ ಬೆರಳು ‘ದಿನನಿತ್ಯ’ ಎಂದು ಶುರುಮಾಡುತ್ತಿತ್ತು, ಅವಳು ಕಾಗದ ಎಳೆದು ಮುದ್ದೆ ಮಾಡುತ್ತಿದ್ದಳು. ಬುಟ್ಟಿ ತುಂಬಿತು. ಹತ್ತು ಟೈಪ್‌ರೈಟರ್‌ಗಳು ಅಕ್ಕಪಕ್ಕದಲ್ಲಿ ಟಕಟಕ ಅನ್ನುತ್ತಿದ್ದವು, ಯಾರೂ ಇತ್ತ ತಿರುಗಿ ನೋಡುತ್ತಿರಲಿಲ್ಲ. ನೋಡದಿರುವುದೇ ಮರ್ಯಾದೆ ಅಂದುಕೊಂಡಿದ್ದರು, ನನ್ನ ಹಾಗೆಯೇ.

ನಾಲ್ಕನೇ ದಿನ ಅವಳು ಎದ್ದು ನಿಂತು, “ನಾನು ಹೇಳ್ತೀನಿ, ನೀವು ಕೈಯಲ್ಲಿ ಬರೀರಿ” ಎಂದಳು.

ಹಳೇ ಕಡತಗಳ ಕೋಣೆಗೆ ಹೋಗಿ ಕೂತೆವು. ಅವಳು ಗೋಡೆ ನೋಡುತ್ತ ಹೇಳಿದಳು, ನಾನು ತಲೆಯೆತ್ತದೆ ಬರೆದೆ. ಮಾತ್ರೆ ಮುಗಿದ ದಿನ ಅವನಿಗೆ ಮೈ ಬೆವರುತ್ತಿತ್ತು. ಇವಳು ಬಚ್ಚಿಟ್ಟಿದ್ದಾಳೆ ಎಂದು ಅವನಿಗೆ ಗುಮಾನಿ. ಒಮ್ಮೊಮ್ಮೆ ಬಚ್ಚಿಟ್ಟಿರುತ್ತಿದ್ದಳು ಕೂಡ. ಅವನು ಬೈಯುತ್ತಿರಲಿಲ್ಲ, ದನಿ ಏರಿಸುತ್ತಿರಲಿಲ್ಲ. ಪಕ್ಕದಲ್ಲಿ ಕೂತು ಅವಳ ಎಡಗೈಯನ್ನು ತೊಡೆಯ ಮೇಲಿಟ್ಟುಕೊಳ್ಳುತ್ತಿದ್ದ. ಎಲ್ಲಿಟ್ಟಿದ್ದೀಯ ಎಂದು ಮೆತ್ತಗೆ ಕೇಳಿ ಒಂದು ಬೆರಳನ್ನು ಹಿಂದಕ್ಕೆ ಬಗ್ಗಿಸುತ್ತಿದ್ದ. ಮತ್ತೆ ಕೇಳಿ ಇನ್ನೊಂದು. ಕಿರುಬೆರಳು ಎರಡು ಸಲ ಮುರಿದಿತ್ತು. ಬಲಗೈಯನ್ನು ಮಾತ್ರ ಮುಟ್ಟುತ್ತಿರಲಿಲ್ಲವಂತೆ, ಅನ್ನ ಬಡಿಸುವ ಕೈ ಎಂದು.

ಅಲ್ಲಿಗೆ ನನ್ನ ಪೆನ್ನು ನಿಂತಿತು. ಅವಳ ಪ್ರತಿಗಳಲ್ಲಿ ಒಂದು ವರ್ಷದಿಂದ ಕೆಲವು ಅಕ್ಷರಗಳು ಮಸುಕಾಗಿ ಬೀಳುತ್ತಿದ್ದವು. ಎಡ ಕಿರುಬೆರಳಿನಿಂದ ಹೊಡೆಯುವ ಅಕ್ಷರಗಳು. ನಾನು ಒಂದೊಂದಕ್ಕೂ ಕೆಂಪು ಸುತ್ತು ಹಾಕಿ, ಗಮನವಿಟ್ಟು ಹೊಡಿ ತಂಗಿ ಎಂದು ಬುದ್ಧಿ ಹೇಳಿದ್ದೆ. ರಿಬ್ಬನ್ ಹಳೆಯದಾಗಿದೆ ಅಣ್ಣಾ ಎಂದಿದ್ದಳು. ಹೊಸ ರಿಬ್ಬನ್ ತಂದುಕೊಟ್ಟಿದ್ದೆ, ದೊಡ್ಡ ಉಪಕಾರ ಮಾಡಿದವನಂತೆ.

ಅಳು ಬಂತು, ಅತ್ತೆ. ಅವಳು ನಾನು ಮುಗಿಸುವವರೆಗೆ ಕಾದು, ಮುಂದಿನ ಸಾಲು ಹೇಳಿದಳು.

ಮಗುವಿನ ಬಗ್ಗೆ ಏನು ಬರೆಯಲಿ ಎಂದು ಕೇಳಿದ್ದಕ್ಕೆ, ಅವಳಿಗೆ ಏನೂ ಗೊತ್ತಿಲ್ಲ, ಅವಳು ಪಕ್ಕದ ಕೋಣೆಯಲ್ಲಿ ಇರುತ್ತಿದ್ದಳು ಎಂದಳು. ಅಷ್ಟನ್ನೇ ಬರೆದೆ. ಆಮೇಲೆ ಬರೆದದ್ದನ್ನೆಲ್ಲ ಮೊದಲಿನಿಂದ ಗಟ್ಟಿಯಾಗಿ ಓದಿದೆ. ಮೊದಲ ಅರ್ಜಿಯ ದಿನವೇ ಮಾಡಬೇಕಾಗಿದ್ದ ಕೆಲಸ.

ನ್ಯಾಯಾಧೀಶರು ಕೈಬರಹದ ಆ ಅರ್ಜಿಯನ್ನು ಎರಡು ಸಲ ಓದಿದರು. ಬೆರಳಿನ ಎಕ್ಸ್‌ರೇ ತೆಗೆಸಿದರು, ಮೂಳೆ ಎರಡು ಕಡೆ ವಕ್ರವಾಗಿ ಕೂಡಿತ್ತು. ಗಂಡನ ವಕೀಲ ಅದು ಬಾಗಿಲಿಗೆ ಸಿಕ್ಕಿದ್ದು ಎಂದು ವಾದಿಸಿದ. ಕೊನೆಗೆ ನ್ಯಾಯಾಧೀಶರು ಮಗುವನ್ನು ತಮ್ಮ ಕೋಣೆಗೆ ಕರೆಸಿಕೊಂಡರು. ಒಳಗೆ ಅವರ ಗುಮಾಸ್ತೆ ಮಾತ್ರ ಇದ್ದಳು, ಅವಳೇ ನಮಗೆ ಆಮೇಲೆ ಹೇಳಿದ್ದು.

ಅಮ್ಮ ಯಾಕೆ ಮನೆ ಬಿಟ್ಟಳು ಗೊತ್ತಾ ಪುಟ್ಟಾ ಎಂದು ಕೇಳಿದರಂತೆ. ಮಗು ಕಾಲ ಬೆರಳು ನೋಡಿಕೊಂಡು ಹೇಳಿತಂತೆ.

“ನನ್ನಿಂದಾನೇ. ಅಪ್ಪ ಬಾಗಿಲು ಹಾಕ್ಕೊಂಡು, ಜೋರಾಗಿ ಮಗ್ಗಿ ಹೇಳ್ತಾ ಇರು, ನಿಲ್ಲಿಸ್ಬೇಡ ಅಂತಿದ್ರು. ಅವತ್ತು ಹದಿನೇಳರ ಮಗ್ಗಿ ಮರ್ತೋಯ್ತು. ನಿಲ್ಲಿಸಿಬಿಟ್ಟೆ. ಅಮ್ಮ ಅಳೋದು ಕೇಳಿಸ್ತು. ಮಾರನೇ ದಿನಾನೇ ಮನೆ ಬಿಟ್ವಿ.”

ಮಗು ಅಮ್ಮನ ಹತ್ತಿರವೇ ಇರಬೇಕೆಂದು ಆದೇಶವಾಯಿತು. ಅಪ್ಪ ಚಿಕಿತ್ಸೆಗೆ ಸೇರಬೇಕು, ಅದಾದ ಮೇಲೆ ಬೇಕಾದರೆ ಕೋರ್ಟಿನವರ ಎದುರಿಗೆ ಮಗುವನ್ನು ನೋಡಬಹುದು. ವಿಚ್ಛೇದನವೂ ಆಯಿತು. ವರಾಂಡದ ಹತ್ತೂ ಜನ ಬಂದು ಟೈಪಕ್ಕನಿಗೆ ಗೆದ್ದೆಯಲ್ಲ ಎಂದು ಹೇಳಿಹೋದರು. ಅವಳು ಎಲ್ಲರಿಗೂ ತಲೆಯಾಡಿಸಿದಳು. ಮಗಳಿಗೆ ಅದು ನಿನ್ನ ತಪ್ಪಲ್ಲ ಎಂದು ದಿನಕ್ಕೆ ಹತ್ತು ಸಲ ಹೇಳುತ್ತಿದ್ದಾಳೆ, ಮಗು ಹೂಂ ಅನ್ನುತ್ತದೆ, ನಂಬುತ್ತದೋ ಇಲ್ಲವೋ ಅವಳಿಗೆ ತಿಳಿಯದು.

ಆದೇಶ ಬಂದ ಮಾರನೇ ದಿನ ಅವಳು ಯಂತ್ರಕ್ಕೆ ಹಾಳೆ ಹಾಕಿರಲಿಲ್ಲ. ಹೊಸದಾಗಿ ಬಂದ ಒಬ್ಬ ಹೆಂಗಸು ವಕೀಲರ ಚೀಟಿ ಹಿಡಿದು ಬೆಂಚಿನಲ್ಲಿ ಕಾಯುತ್ತಿದ್ದಳು. ಟೈಪಕ್ಕ ಅವಳನ್ನೇ ನೋಡುತ್ತಿದ್ದವಳು, ನನ್ನ ಕಡೆ ತಿರುಗಿದಳು.

“ನಂಗೆ ನನ್ನ ಮಗು ಸಿಕ್ತು ಅಣ್ಣಾ. ಇಪ್ಪತ್ತು ವರ್ಷದಿಂದ ಎಲ್ರಿಗೂ ಅದೇ ಪ್ಯಾರಾ ಹೊಡ್ಕೊಟ್ಟಿದ್ದೀನಿ. ಒಬ್ಬರನ್ನೂ ಏನಾಯ್ತು ಅಂತ ಕೇಳಿಲ್ಲ. ಅದ್ರಿಂದ ಎಷ್ಟು ಜನ ಮಕ್ಕಳನ್ನ ಕಳ್ಕೊಂಡ್ರೋ.”

ಆ ಅರ್ಜಿಗಳನ್ನೆಲ್ಲ ತಾಳೆ ನೋಡಿದವನು ನಾನು. ಆ ಪ್ಯಾರಾದಲ್ಲಿ ನನಗೆ ಯಾವತ್ತೂ ಒಂದು ತಪ್ಪೂ ಸಿಕ್ಕಿರಲಿಲ್ಲ.